ಬೆಳಕಿನ ದಿಕ್ಕು, ತಿದ್ದುವ ಕೈ

(ಛಾಯಾಗ್ರಹಣದ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಗುರುಗಳಿಗೆ, ಸಹಪಾಠಿಗಳಿಗೆ ಮತ್ತು ಛಾಯಾಗ್ರಹಣದ ಮೇಲಿನ ಆಸಕ್ತಿಯಿಂದ ಬಂದಿರುವ ಎಲ್ಲರಿಗೂ ನಮಸ್ಕಾರ. ಭಾವಚಿತ್ರಕ್ಕೆ ಬೆಳಕು ಕೊಡುವುದು ಮತ್ತು ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದುವುದು, ಇವೆರಡನ್ನೂ ಸಾಮಾನ್ಯವಾಗಿ ಬೇರೆ ಬೇರೆ ವಿಷಯಗಳೆಂದು ಕಲಿಸಲಾಗುತ್ತದೆ. ಒಂದಕ್ಕೆ ಸ್ಟುಡಿಯೋ, ಇನ್ನೊಂದಕ್ಕೆ ಲ್ಯಾಬ್. ಒಂದರ ಅಭ್ಯಾಸ ಮುಗಿದ ಮೇಲೆ ಇನ್ನೊಂದರದು. ಎರಡರಲ್ಲೂ ಯೋಜನೆಗಳನ್ನು ಮಾಡಿದ ವಿದ್ಯಾರ್ಥಿಯಾಗಿ ನನಗೆ ಖಚಿತವಾಗಿರುವ ಮಾತೆಂದರೆ ಇವೆರಡೂ ಒಂದೇ ಕೆಲಸ. ಸ್ಟುಡಿಯೋದಲ್ಲಿ ದೀಪದಿಂದ ಆರಂಭಿಸಿದ್ದನ್ನೇ ನಾವು ಪರದೆಯ ಮೇಲೆ ಬ್ರಷ್ಷಿನಿಂದ ಮುಂದುವರಿಸುತ್ತೇವೆ. ಆದ್ದರಿಂದ ಚಿತ್ರದಲ್ಲಿ ಬೆಳಕು ಯಾವ ದಿಕ್ಕಿನಿಂದ ಬಂದಿದೆಯೋ ಆ ದಿಕ್ಕಿಗೆ ತಿದ್ದುವ ಕೈಯೂ ಬದ್ಧವಾಗಿರಬೇಕು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರಣೆ.

ನನ್ನ ಮೊದಲ ಯೋಜನೆಯಲ್ಲಿ ಒಬ್ಬರೇ ವ್ಯಕ್ತಿ, ಒಂದೇ ದೀಪ. ಬೆಳಕನ್ನು ಮುಖದತ್ತ ಹಿಮ್ಮರಳಿಸುವ ರಿಫ್ಲೆಕ್ಟರ್ ಕೂಡ ಇರಲಿಲ್ಲ. ಕುಳಿತವರ ಮುಖ ಕದಲಬಾರದು, ಟ್ರೈಪಾಡಿನ ಮೇಲಿನ ಕ್ಯಾಮೆರಾ ಕದಲಬಾರದು, ದೀಪ ಮಾತ್ರ ಜಾಗ ಬದಲಿಸಬೇಕು. ದೀಪವು ಕ್ಯಾಮೆರಾದ ನೇರಕ್ಕೆ, ಮುಖಕ್ಕಿಂತ ಎತ್ತರದಲ್ಲಿ ಇದ್ದಾಗ ಮೂಗಿನ ಕೆಳಗೆ ಚಿಟ್ಟೆಯ ಆಕಾರದ ಸಣ್ಣ ನೆರಳು ಬೀಳುತ್ತದೆ ಮತ್ತು ಕೆನ್ನೆಯ ಮೂಳೆಗಳು ಎದ್ದು ಕಾಣುತ್ತವೆ. 1930ರ ದಶಕದಲ್ಲಿ ಹಾಲಿವುಡ್ಡಿನ ತಾರೆಯರ ಚಿತ್ರಗಳಿಂದ ಪ್ರಸಿದ್ಧವಾದ ಈ ವಿಧಾನಕ್ಕೆ ಬಟರ್‌ಫ್ಲೈ ಲೈಟಿಂಗ್ ಎಂದೂ ಪ್ಯಾರಾಮೌಂಟ್ ಲೈಟಿಂಗ್ ಎಂದೂ ಹೆಸರಿದೆ. ದೀಪ ತುಸು ಪಕ್ಕಕ್ಕೆ ಬಂದರೆ ಮೂಗಿನ ನೆರಳು ಕೆನ್ನೆಯತ್ತ ಬಾಗುತ್ತದೆ, ಇದು ಲೂಪ್. ಇನ್ನೂ ಸರಿದು 45 ಡಿಗ್ರಿಯ ಆಸುಪಾಸಿಗೆ ಬಂದಾಗ ಮೂಗಿನ ನೆರಳು ಕೆನ್ನೆಯ ನೆರಳಿನೊಡನೆ ಕೂಡಿಕೊಂಡು, ನೆರಳಿನ ಬದಿಯ ಕಣ್ಣಿನ ಕೆಳಗೆ ತ್ರಿಕೋನಾಕಾರದ ಬೆಳಕಿನ ತುಣುಕೊಂದು ಮಾತ್ರ ಉಳಿಯುತ್ತದೆ. ಇದಕ್ಕೆ 17ನೇ ಶತಮಾನದ ಡಚ್ ವರ್ಣಚಿತ್ರಕಾರ ರೆಂಬ್ರಾಂಟನ ಹೆಸರನ್ನು ಇಟ್ಟಿದ್ದಾರೆ. 90 ಡಿಗ್ರಿಗೆ ಬಂದರೆ ಮುಖದ ಅರ್ಧ ಬೆಳಕು, ಅರ್ಧ ಕತ್ತಲೆ; ಅದು ಸ್ಪ್ಲಿಟ್.

ಈ ಹೆಸರುಗಳನ್ನು ಬಾಯಿಪಾಠ ಮಾಡಲು ಹೆಚ್ಚು ಹೊತ್ತು ಬೇಕಿಲ್ಲ. ಹೊತ್ತು ಬೇಕಾಗುವುದು ಆ ತ್ರಿಕೋನವನ್ನು ನೋಡಲು. ಅದು ಕಣ್ಣಿನ ಅಗಲವನ್ನು ಮೀರಬಾರದು, ಮೂಗಿನ ಉದ್ದಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ರೂಢಿಯ ನಿಯಮ. ಆದರೆ ದೀಪವನ್ನು ಒಂದು ಗೇಣು ಸರಿಸುವಷ್ಟರಲ್ಲಿ ತ್ರಿಕೋನ ಅಗಲಗೊಂಡು ಕೆನ್ನೆಯೆಲ್ಲ ಬೆಳಗುತ್ತದೆ, ಇಲ್ಲವೇ ಪೂರ್ತಿಯಾಗಿ ಮಾಯವಾಗುತ್ತದೆ. ಕಣ್ಣು ಒಳಗೆ ಹುದುಗಿರುವ ಮುಖದಲ್ಲಿ, ತ್ರಿಕೋನವನ್ನು ಸರಿಪಡಿಸಲೆಂದು ದೀಪವನ್ನು ಮೇಲೆತ್ತಿದರೆ ಹುಬ್ಬಿನ ನೆರಳು ಕಣ್ಣನ್ನೇ ಮುಚ್ಚಿಬಿಡುತ್ತದೆ. ಮೂಗು ಚಪ್ಪಟೆಯಾಗಿರುವ ಮುಖದಲ್ಲಿ ನೆರಳು ಕೆನ್ನೆಯವರೆಗೆ ತಲುಪಬೇಕಾದರೆ ದೀಪ ಇನ್ನಷ್ಟು ಪಕ್ಕಕ್ಕೆ ಹೋಗಬೇಕಾಗುತ್ತದೆ. ಅಂದರೆ ದೀಪದ ಜಾಗವನ್ನು ಕೊನೆಗೂ ನಿರ್ಧರಿಸುವುದು ಎದುರಿಗೆ ಕುಳಿತವರ ಮೂಳೆಯ ರಚನೆ. ಪುಸ್ತಕದ ರೇಖಾಚಿತ್ರದಲ್ಲಿ ಗುರುತಿಸಿದ ಕೋನವು ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂಬುದನ್ನಷ್ಟೇ ತಿಳಿಸುತ್ತದೆ.

ದಿಕ್ಕಿನ ನಂತರದ್ದು ದೂರ. ಸಣ್ಣ ಮೂಲದಿಂದ ಬರುವ ಬೆಳಕಿನ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂಬ ನಿಯಮವನ್ನು ಭೌತಶಾಸ್ತ್ರದಲ್ಲಿ ಓದಿದ್ದೇವೆ. ಸ್ಟುಡಿಯೋದಲ್ಲಿ ಇದು ಪ್ರತಿ ನಿಮಿಷವೂ ಉಪಯೋಗಕ್ಕೆ ಬರುತ್ತದೆ. ದೀಪದಿಂದ ಮುಖ 1 ಮೀಟರ್ ದೂರದಲ್ಲಿದ್ದು, ಹಿಂದಿನ ಬಿಳಿ ಗೋಡೆ ಅಲ್ಲಿಂದ ಇನ್ನೂ 1 ಮೀಟರ್ ಆಚೆಗಿದ್ದರೆ, ಗೋಡೆಗೆ ಸಿಗುವುದು ಮುಖದ ಮೇಲೆ ಬಿದ್ದ ಬೆಳಕಿನ ನಾಲ್ಕನೆಯ ಒಂದು ಭಾಗ, ಅಂದರೆ 2 ಸ್ಟಾಪ್ ಕಡಿಮೆ (ಬೆಳಕು ಒಂದು ಸಲ ಅರ್ಧಕ್ಕೆ ಇಳಿದರೆ ಅದು 1 ಸ್ಟಾಪ್). ದೀಪವನ್ನು 3 ಮೀಟರಿಗೆ ಹಿಂದೆ ಸರಿಸಿದರೆ ಗೋಡೆ ದೀಪದಿಂದ 4 ಮೀಟರ್ ದೂರಕ್ಕೆ ಬರುತ್ತದೆ. ಆಗ ಅದಕ್ಕೆ ಮುಖದ ಬೆಳಕಿನ 16ರಲ್ಲಿ 9 ಭಾಗ ಸಿಗುವುದರಿಂದ ವ್ಯತ್ಯಾಸ 1 ಸ್ಟಾಪಿಗಿಂತಲೂ ಕಡಿಮೆಯಾಗುತ್ತದೆ. ಗೋಡೆಗೆ ಕೈ ಹಚ್ಚದೆಯೇ, ದೀಪದ ದೂರವೊಂದರಿಂದಲೇ ಅದನ್ನು ಬೂದು ಬಣ್ಣಕ್ಕೂ ಬಿಳುಪಿನ ಹತ್ತಿರಕ್ಕೂ ತರಬಹುದು. ಮುಖದ ಒಳಗೂ ಇದೇ ಲೆಕ್ಕ ನಡೆಯುತ್ತದೆ. ದೀಪವು ಹತ್ತಿರದ ಕೆನ್ನೆಯಿಂದ 50 ಸೆಂಟಿಮೀಟರ್ ದೂರದಲ್ಲಿದ್ದರೆ, ಅದಕ್ಕಿಂತ 15 ಸೆಂಟಿಮೀಟರ್ ಆಚೆಗಿರುವ ಭಾಗ ಸುಮಾರು ಮುಕ್ಕಾಲು ಸ್ಟಾಪ್ ಕಪ್ಪಾಗುತ್ತದೆ. ದೀಪ 2 ಮೀಟರ್ ದೂರದಲ್ಲಿದ್ದರೆ ಆ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಕಷ್ಟ.

ಈ ಲೆಕ್ಕವನ್ನು ವಿವರವಾಗಿ ಹೇಳಲು ಕಾರಣವಿದೆ. ಎಡಿಟಿಂಗ್‌ನಲ್ಲಿ ನಾವು ತೀರ ಸಲೀಸಾಗಿ ಬಳಸುವ ಉಪಕರಣಗಳಲ್ಲಿ ವಿನ್ಯೆಟ್ ಒಂದು. ಚಿತ್ರದ ನಾಲ್ಕೂ ಅಂಚುಗಳನ್ನು ಅದು ಸಮನಾಗಿ ಕಪ್ಪಾಗಿಸುತ್ತದೆ. ದೀಪ ಎಡಗಡೆಯಿಂದ ಬಂದಿರುವ ಚಿತ್ರದಲ್ಲಿ ಎಡ ಅಂಚೂ ಬಲ ಅಂಚೂ ಒಂದೇ ಪ್ರಮಾಣದಲ್ಲಿ ಕಪ್ಪಾಗುವುದು ಬೆಳಕಿನ ಸ್ವಭಾವಕ್ಕೆ ವಿರುದ್ಧವಾದದ್ದು. ನೋಡುವವರು ಇದನ್ನು ಬಿಡಿಸಿ ಹೇಳಲಾರರು, ಆದರೆ ಏನೋ ಹೊಂದಿಕೆಯಾಗುತ್ತಿಲ್ಲ ಎಂಬುದು ಅವರಿಗೂ ತಿಳಿಯುತ್ತದೆ. ಎಡದಿಂದ ಬಲಕ್ಕೆ ಕ್ರಮೇಣ ಕಪ್ಪಾಗುವ ಗ್ರೇಡಿಯಂಟ್ ಹಾಕಿದರೆ, ದೀಪ ತಾನಾಗಿ ಮಾಡುತ್ತಿದ್ದ ಕೆಲಸವನ್ನೇ ತುಸು ಹೆಚ್ಚಿಸಿದಂತಾಗುತ್ತದೆ. ಹಾಗಾಗಿ ನಾನು ಈಗ ಪ್ರತಿ ಫೈಲನ್ನು ತೆರೆದ ಕೂಡಲೇ ಮೇಲೊಂದು ಖಾಲಿ ಲೇಯರ್ (ಚಿತ್ರದ ಮೇಲೆ ಹೊದಿಸುವ ಪಾರದರ್ಶಕ ಹಾಳೆಯಂಥದ್ದು) ಇಟ್ಟು, ದೀಪ ಇದ್ದ ಕಡೆಯಿಂದ ಮುಖದತ್ತ ಒಂದು ಬಾಣದ ಗುರುತು ಎಳೆಯುತ್ತೇನೆ. ಕೆಲಸ ಮುಗಿಯುವವರೆಗೂ ಆ ಲೇಯರ್ ಅಲ್ಲೇ ಇರುತ್ತದೆ. ಸಹಪಾಠಿಗಳಿಗೆ ಇದೊಂದು ಅಭ್ಯಾಸವನ್ನು ನಾನು ಒತ್ತಾಯಪೂರ್ವಕವಾಗಿಯೇ ಶಿಫಾರಸು ಮಾಡುತ್ತೇನೆ.

ಬೆಳಕಿನ ಮೃದುತ್ವದ ವಿಷಯವನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದರ ಸೂತ್ರ ಒಂದೇ: ಮುಖವಿರುವ ಜಾಗದಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆಯೋ ನೆರಳಿನ ಅಂಚು ಅಷ್ಟು ಮೃದುವಾಗಿರುತ್ತದೆ. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ಆಕಾಶದಲ್ಲಿ ಅದು ತುಂಬುವುದು ಅರ್ಧ ಡಿಗ್ರಿಯಷ್ಟು ಜಾಗವನ್ನು ಮಾತ್ರ. ಹಾಗಾಗಿ ಬಿಸಿಲಿನ ನೆರಳಿನ ಅಂಚು ಗಡುಸಾಗಿರುತ್ತದೆ. ಮುಖದ ಪಕ್ಕದಲ್ಲೇ ಇಟ್ಟ, ದೀಪದ ಮುಂದೆ ಬಿಳಿ ಬಟ್ಟೆ ಹೊದಿಸಿದ 60 ಸೆಂಟಿಮೀಟರಿನ ಸಾಫ್ಟ್‌ಬಾಕ್ಸ್ ಬಿಸಿಲಿಗಿಂತ ಎಷ್ಟೋ ಪಾಲು ಮೃದುವಾದ ನೆರಳನ್ನು ಕೊಡುತ್ತದೆ, ಅದನ್ನೇ ಕೋಣೆಯ ಮೂಲೆಗೆ ಒಯ್ದರೆ ನೆರಳು ಮತ್ತೆ ಗಡುಸಾಗುತ್ತದೆ.

ಚರ್ಮದ ಮೇಲಿನ ಹೊಳಪಿನ ಬಗ್ಗೆ ಮಾತ್ರ ಇನ್ನಷ್ಟು ಹೇಳಬೇಕು. ಮುಖದಿಂದ ಬೆಳಕು ಎರಡು ಬಗೆಯಲ್ಲಿ ಮರಳಿ ಬರುತ್ತದೆ. ಒಂದು ಭಾಗ ಚರ್ಮದ ಒಳಹೊಕ್ಕು, ಅದರ ಬಣ್ಣವನ್ನು ಹೊತ್ತು, ಎಲ್ಲ ದಿಕ್ಕಿಗೂ ಚದುರಿ ಹೊರಬರುತ್ತದೆ. ಇನ್ನೊಂದು ಭಾಗ ಮೇಲ್ಮೈಯಿಂದಲೇ ನೇರವಾಗಿ ಪ್ರತಿಫಲಿಸಿ, ದೀಪದ ಬಣ್ಣದಲ್ಲೇ ಹೊಳಪಾಗಿ ಕಾಣುತ್ತದೆ. ದೀಪ ಚಿಕ್ಕದಾಗಿದ್ದರೆ ಆ ಹೊಳಪು ಹಣೆಯ ಮೇಲೆ ಬಿಳಿಯ ಚುಕ್ಕೆಯಾಗಿ ನಿಲ್ಲುತ್ತದೆ. ದೀಪ ದೊಡ್ಡದಾಗಿದ್ದರೆ ಹರಡಿಕೊಂಡು ಮಂದವಾಗುತ್ತದೆ. ಕಪ್ಪು ಮೈಬಣ್ಣದಲ್ಲಿ ಚದುರಿ ಬರುವ ಬೆಳಕು ಕಡಿಮೆಯಿರುವುದರಿಂದ, ಮುಖದ ಉಬ್ಬುತಗ್ಗುಗಳನ್ನು ಕಾಣಿಸುವ ಹೊಣೆ ಬಹುಪಾಲು ಈ ಹೊಳಪಿನ ಮೇಲೆಯೇ ಬೀಳುತ್ತದೆ. ಅಂಥ ಮುಖಕ್ಕೆ ಬೆಳಕನ್ನು ಸುಮ್ಮನೆ ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ. ದೊಡ್ಡ ಸಾಫ್ಟ್‌ಬಾಕ್ಸನ್ನು ಪಕ್ಕದಿಂದ ಕೊಟ್ಟು, ಅದರ ಪ್ರತಿಬಿಂಬ ಕೆನ್ನೆಯ ಮೂಳೆಯ ಉದ್ದಕ್ಕೂ ಹರಿಯುವಂತೆ ಮಾಡಿದಾಗ ಮುಖಕ್ಕೆ ರೂಪ ಬರುತ್ತದೆ.

ಈ ವಿಷಯದಲ್ಲಿ ನಮ್ಮ ಉಪಕರಣಗಳು ಪಕ್ಷಪಾತವಿಲ್ಲದೆ ಹುಟ್ಟಿದವಲ್ಲ ಎಂಬುದನ್ನೂ ಪ್ರತಿಯೊಬ್ಬ ವಿದ್ಯಾರ್ಥಿ ತಿಳಿದಿರಬೇಕು. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ಮಧ್ಯಮ ಬೂದು ಬಣ್ಣದ್ದೆಂದು ಭಾವಿಸುವುದರಿಂದ, ಚೌಕಟ್ಟನ್ನು ಕಪ್ಪು ಮುಖವೇ ತುಂಬಿದ್ದರೆ ಅದನ್ನು ಬೇಕಾದ್ದಕ್ಕಿಂತ ತಿಳಿಯಾಗಿಸಲು, ಬಿಳಿ ಮುಖ ತುಂಬಿದ್ದರೆ ಮಂಕಾಗಿಸಲು ಹೊರಡುತ್ತದೆ. ಬಣ್ಣದ ಫಿಲ್ಮಿನ ಕಾಲದಲ್ಲಿ ಪ್ರಿಂಟಿನ ಬಣ್ಣವನ್ನು ಹೊಂದಿಸಲು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳುಹಿಸುತ್ತಿದ್ದ, ಶರ್ಲಿ ಕಾರ್ಡ್ ಎಂದು ಹೆಸರಾದ ಮಾದರಿ ಚಿತ್ರಗಳಲ್ಲಿ ದಶಕಗಳ ಕಾಲ ಬಿಳಿ ಮೈಬಣ್ಣದ ಮಹಿಳೆಯರೇ ಇದ್ದರು. ಬೇರೆ ಬೇರೆ ಮೈಬಣ್ಣದವರು ಒಟ್ಟಿಗೆ ಇರುವ ಕಾರ್ಡುಗಳು ಬಂದದ್ದು 1990ರ ದಶಕದಲ್ಲಿ. ಮುಖಕ್ಕೆ ಬೀಳುವ ಬೆಳಕನ್ನೇ ಅಳೆಯುವ ಕೈ ಮೀಟರ್ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ, ಏಕೆಂದರೆ ಅದಕ್ಕೆ ಎದುರಿಗಿರುವವರ ಬಣ್ಣದ ಗೊಡವೆಯೇ ಇಲ್ಲ. ಇದೇ ಎಚ್ಚರ ಎಡಿಟಿಂಗ್‌ನಲ್ಲೂ ಬೇಕು. ಸ್ಲೈಡರ್ ಎಳೆದು ಮುಖವನ್ನು ತಿಳಿಗೊಳಿಸುವಾಗ, ಬೆಳಕಿನ ಕೊರತೆಯನ್ನು ತುಂಬುತ್ತಿದ್ದೇವೆಯೋ ಒಬ್ಬರ ಮೈಬಣ್ಣವನ್ನೇ ಬದಲಿಸುತ್ತಿದ್ದೇವೆಯೋ ಎಂದು ಕೇಳಿಕೊಳ್ಳಬೇಕು. ಮೊದಲನೆಯದು ಛಾಯಾಗ್ರಾಹಕರ ಕರ್ತವ್ಯ. ಎರಡನೆಯದಕ್ಕೆ ನಮಗೆ ಯಾರೂ ಅಧಿಕಾರ ಕೊಟ್ಟಿಲ್ಲ.

ಬಣ್ಣದ ತಾಪಮಾನದ, ಅಂದರೆ ಬೆಳಕು ಎಷ್ಟು ಹಳದಿ ಅಥವಾ ಎಷ್ಟು ನೀಲಿ ಎಂಬುದರ, ಮಾತು ಇಲ್ಲಿಯೇ ಸೇರಬೇಕು. ಕೆಲ್ವಿನ್ ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ. ಸ್ಟುಡಿಯೋದ ಟಂಗ್‌ಸ್ಟನ್ ದೀಪ 3200 ಕೆಲ್ವಿನ್, ಫ್ಲ್ಯಾಷ್ ಮತ್ತು ನಡುಹಗಲಿನ ಬೆಳಕು ಸುಮಾರು 5500 ಕೆಲ್ವಿನ್. ಕಿಟಕಿಯ ಬೆಳಕು ಒಂದು ಕೆನ್ನೆಗೂ ದೀಪದ ಹಳದಿ ಇನ್ನೊಂದು ಕೆನ್ನೆಗೂ ಬಿದ್ದಿರುವ ಚಿತ್ರವನ್ನು ಯಾವ ಒಂದೇ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಇಡೀ ಚಿತ್ರದ ಬಣ್ಣವನ್ನು ಹೊಂದಿಸುವುದು) ಕೂಡ ಸರಿಪಡಿಸಲಾರದು. ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಕೆಡುತ್ತದೆ. ಕಳಪೆ ಎಲ್‌ಇಡಿ ದೀಪಗಳ ಸಮಸ್ಯೆ ಬೇರೆಯದು. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂದು ತಿಳಿಸಲು ಪೆಟ್ಟಿಗೆಯ ಮೇಲೆ ಮುದ್ರಿಸುವ ಸಿಆರ್‌ಐ ಅಂಕಿಯು 8 ಮಂದ ಬಣ್ಣಗಳ ಸರಾಸರಿ ಮಾತ್ರ. ಆರ್9 ಎಂಬ ಗಾಢ ಕೆಂಪು ಆ ಸರಾಸರಿಯಲ್ಲಿ ಸೇರುವುದಿಲ್ಲ. ಚರ್ಮಕ್ಕೆ ಜೀವಕಳೆ ಕೊಡುವುದು ಆ ಕೆಂಪೇ. ದೀಪದಲ್ಲಿ ಇಲ್ಲದ ಬಣ್ಣ ಫೈಲಿನಲ್ಲೂ ಇರುವುದಿಲ್ಲ, ಬಣ್ಣದ ಗಾಢತೆಯನ್ನು (ಸ್ಯಾಚುರೇಶನ್) ಏರಿಸಿ ಅದನ್ನು ಕರೆತರುವುದಕ್ಕೂ ಆಗುವುದಿಲ್ಲ.

ಇನ್ನು ಪರದೆಯ ಮೇಲಿನ ಕೆಲಸಕ್ಕೆ ಬರುತ್ತೇನೆ. ಎರಡನೆಯ ಯೋಜನೆಯಲ್ಲಿ ಒಂದೇ ರಾ ಫೈಲನ್ನು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲನ್ನು, ಬೇರೆ ಬೇರೆ ವಿಧಾನಗಳಲ್ಲಿ ತಿದ್ದಿ ಅಕ್ಕಪಕ್ಕದಲ್ಲಿಟ್ಟು ನೋಡಬೇಕಿತ್ತು. ರಾ ಫೈಲೇ ಏಕೆ ಎಂಬುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತಿದೆ: 8 ಬಿಟ್ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಿದ್ದರೆ, 14 ಬಿಟ್ ರಾ ಫೈಲಿನಲ್ಲಿ 16,384 ಹಂತಗಳಿರುತ್ತವೆ. ಕೆನ್ನೆಯಿಂದ ದವಡೆಯತ್ತ ಇಳಿಯುವ ನೆರಳನ್ನು ತಿಳಿಗೊಳಿಸಿದಾಗ ಪಟ್ಟೆಗಳು ಮೂಡದೆ ನುಣುಪು ಉಳಿಯುವುದು ಆ ಹಂತಗಳಿಂದಲೇ.

ತಿದ್ದುವ ವಿಧಾನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು, ನಿಧಾನವೂ ಆದದ್ದು, ಡಾಡ್ಜ್ ಮತ್ತು ಬರ್ನ್, ಅಂದರೆ ಬೇಕಾದ ಭಾಗವನ್ನಷ್ಟೇ ತಿಳಿಗೊಳಿಸುವುದು ಮತ್ತು ಕಪ್ಪಾಗಿಸುವುದು. ಇದರ ಬೇರು ಡಾರ್ಕ್‌ರೂಮಿನಲ್ಲಿದೆ. ನೆಗೆಟಿವ್ ಅನ್ನು ಹಿಗ್ಗಿಸಿ ಮೂಡಿಸುವ ಎನ್‌ಲಾರ್ಜರಿನ ಬೆಳಕು ಕಾಗದದ ಮೇಲೆ ಬೀಳುವಾಗ ಕಡ್ಡಿಗೆ ಅಂಟಿಸಿದ ಸಣ್ಣ ರಟ್ಟಿನಿಂದ ಒಂದು ಭಾಗವನ್ನು ಮರೆಮಾಡಿದರೆ ಅದು ಪ್ರಿಂಟಿನಲ್ಲಿ ತಿಳಿಯಾಗುತ್ತಿತ್ತು. ಅಂಗೈ ಬಾಗಿಸಿ ಮಾಡಿದ ಕಿಂಡಿಯಿಂದ ಒಂದು ಭಾಗಕ್ಕೆ ಹೆಚ್ಚು ಬೆಳಕು ಬಿಟ್ಟರೆ ಅದು ಕಪ್ಪಾಗುತ್ತಿತ್ತು. 1990ರಲ್ಲಿ ಬಂದ ಫೋಟೋಶಾಪ್‌ನಲ್ಲಿ ಈ ಎರಡು ಉಪಕರಣಗಳಿಗೆ ಆ ಕಡ್ಡಿ ಮತ್ತು ಆ ಕೈಯ ಚಿತ್ರಗಳೇ ಗುರುತುಗಳು. ಅದಕ್ಕೂ ಹಿಂದೆ, 19ನೇ ಶತಮಾನದ ಸ್ಟುಡಿಯೋಗಳಲ್ಲಿ ಗಾಜಿನ ನೆಗೆಟಿವ್ ಮೇಲೆಯೇ ಚೂಪಾದ ಪೆನ್ಸಿಲಿನಿಂದ ಗೀರುತ್ತಿದ್ದರು. ಮುಖದ ಸುಕ್ಕು ನೆಗೆಟಿವ್‌ನಲ್ಲಿ ಬೆಳಕು ಹೆಚ್ಚು ಹಾಯುವ ತಿಳಿ ಗೆರೆಯಾಗಿ ಇರುವುದರಿಂದ, ಅಲ್ಲಿ ಪೆನ್ಸಿಲಿನ ಕಪ್ಪನ್ನು ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ತಿಳಿಯಾಗಿ ಕರಗುತ್ತಿತ್ತು. ಮುಖವನ್ನು ತಿದ್ದುವ ಆಸೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ.

ಕಣ್ಣಿನ ಕೆಳಗಿನ ಭಾಗವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ ನೋಡೋಣ. ದೂರದಿಂದ ಕಪ್ಪು ಕಲೆಯಂತೆ ಕಾಣುವ ಜಾಗ ಹತ್ತಿರದಲ್ಲಿ ಒಂದು ಮಡಿಕೆ. ದೀಪ ಮೇಲಿನಿಂದ ಬಂದಿರುವುದರಿಂದ ಮಡಿಕೆಯ ಉಬ್ಬಿದ ಮೇಲ್ಭಾಗ ಬೆಳಗಿದೆ, ಅದು ಕೆಳಕ್ಕೆ ತಿರುಗುವಲ್ಲಿ ನೆರಳು ಆರಂಭವಾಗುತ್ತದೆ, ಮುಂದೆ ಆ ನೆರಳು ಕೆನ್ನೆಯ ಬೆಳಕಿಗೆ ಸೇರುತ್ತದೆ. ಆ ನೆರಳನ್ನು ಪೂರ್ತಿ ಅಳಿಸಿಬಿಟ್ಟರೆ ಮಡಿಕೆಯ ಜೊತೆಗೆ ಕೆಳರೆಪ್ಪೆಯ ಆಕಾರವೂ ಹೋಗುತ್ತದೆ. ಅಷ್ಟೇ ಅಲ್ಲ, ಮೂಗಿನ ನೆರಳು ಬೆಳಕು ಮೇಲಿನಿಂದ ಬಂದಿದೆ ಎನ್ನುತ್ತಿರುವಾಗ ಕಣ್ಣಿನ ಕೆಳಗಿನ ಜಾಗ ಕೆಳಗಿನಿಂದ ಬಂದಿದೆ ಎನ್ನತೊಡಗುತ್ತದೆ. ಆದ್ದರಿಂದ ಬ್ರಷ್ಷಿನ ಫ್ಲೋವನ್ನು, ಅಂದರೆ ಒಂದು ಸವರಿಕೆಯ ಬಲವನ್ನು, ಒಂದೆರಡು ಪ್ರತಿಶತಕ್ಕೆ ಇಳಿಸಿಕೊಂಡು, ನೆರಳು ಅರ್ಧದಷ್ಟು ತಿಳಿಯಾಗುವವರೆಗೆ ಮಾತ್ರ ಸವರಿ ಬಿಡುತ್ತೇನೆ. ನಡುನಡುವೆ ಇಡೀ ಮುಖ ಪರದೆಯಲ್ಲಿ ಕಾಣುವಷ್ಟು ಕುಗ್ಗಿಸಿ ನೋಡದಿದ್ದರೆ ಅಳತೆ ತಪ್ಪುತ್ತದೆ.

ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ವೃತ್ತದಲ್ಲಂತೂ ಬೆಳಕಿನ ದಿಕ್ಕು ಇನ್ನೂ ಸ್ಪಷ್ಟವಾಗಿ ಬರೆದಿರುತ್ತದೆ. ದೀಪ ಎಡ ಮೇಲ್ಭಾಗದಲ್ಲಿದ್ದರೆ ಅದರ ಪ್ರತಿಬಿಂಬವಾದ ಕ್ಯಾಚ್‌ಲೈಟ್ ಕಣ್ಣಿನ ಎಡ ಮೇಲ್ಭಾಗದಲ್ಲಿ ಕೂರುತ್ತದೆ. ಆದರೆ ಕಣ್ಣಿನ ಪಾರದರ್ಶಕ ಪದರವನ್ನು ಹಾದು ಒಳಬಂದ ಬೆಳಕು ವೃತ್ತದ ಎದುರು ಭಾಗವನ್ನು, ಅಂದರೆ ಬಲ ಕೆಳಭಾಗವನ್ನು, ಹೆಚ್ಚಾಗಿ ಬೆಳಗಿಸುತ್ತದೆ. ಕಣ್ಣಿಗೆ ಕಳೆ ತರಬೇಕೆಂದು ಇಡೀ ವೃತ್ತವನ್ನು ಒಂದೇ ಸಮನೆ ತಿಳಿಗೊಳಿಸಿದರೆ ಅದು ಗೊಂಬೆಯ ಕಣ್ಣಾಗುತ್ತದೆ. ಬಲ ಕೆಳಭಾಗವನ್ನು ಮಾತ್ರ ತುಸು ಏರಿಸಿದರೆ ಕಣ್ಣಿಗೆ ಕಳೆ ಬರುತ್ತದೆ, ತಿದ್ದಿದ ಗುರುತೂ ಇರುವುದಿಲ್ಲ.

ಫ್ರೀಕ್ವೆನ್ಸಿ ಸೆಪರೇಶನ್ ವಿಧಾನವನ್ನು ಹಲವರು ಇಷ್ಟಪಡುತ್ತಾರೆ. ಚರ್ಮದ ರಂಧ್ರ, ಕೂದಲಿನಂಥ ಸೂಕ್ಷ್ಮ ವಿವರಗಳನ್ನು ಒಂದು ಲೇಯರಿನಲ್ಲಿಯೂ ಬಣ್ಣ ಮತ್ತು ನೆರಳಿನ ಏರಿಳಿತವನ್ನು ಇನ್ನೊಂದರಲ್ಲಿಯೂ ಬೇರ್ಪಡಿಸುವ ಈ ವಿಧಾನ ಬುದ್ಧಿವಂತಿಕೆಯದ್ದೇ. ಆದರೆ ಬಣ್ಣ ಮತ್ತು ನೆರಳಿನ ಲೇಯರನ್ನು ಮಸುಕುಗೊಳಿಸುತ್ತಾ ಹೋದಾಗ ಮೊದಲು ಕರಗುವುದು ದೀಪ ಕಟ್ಟಿಕೊಟ್ಟ ಏರಿಳಿತವೇ. ರಂಧ್ರಗಳು ಹಾಗೆಯೇ ಇರುತ್ತವೆ, ಮುಖ ಮಾತ್ರ ಚಪ್ಪಟೆಯಾಗಿರುತ್ತದೆ. ಒಂದು ಗುಂಡಿ ಒತ್ತಿದರೆ ಚರ್ಮವನ್ನು ನುಣ್ಣಗಾಗಿಸುವ ಆ್ಯಪ್‌ಗಳು ಇದನ್ನೇ ಇನ್ನೂ ಒರಟಾಗಿ ಮಾಡುತ್ತವೆ. ಅವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ನನಗೆ ಕಾಣುತ್ತಿಲ್ಲ.

ಎಷ್ಟು ತಿದ್ದಬೇಕು ಎಂಬ ಪ್ರಶ್ನೆಗೆ ವೃತ್ತಿಯಲ್ಲಿರುವವರು ಒಂದು ಉಪಯುಕ್ತ ಗೆರೆ ಎಳೆದುಕೊಂಡಿದ್ದಾರೆ: ಮೊಡವೆ, ಗೀರು, ಅಂಟಿದ ದಾರದ ಎಳೆ ಮುಂತಾಗಿ ಕೆಲವು ದಿನಗಳಲ್ಲಿ ತಾನಾಗಿ ಹೋಗುವುದನ್ನು ತೆಗೆಯಬಹುದು, ಮಚ್ಚೆ, ಹಳೆಯ ಗಾಯದ ಗುರುತು, ವಯಸ್ಸಿನ ಗೆರೆಗಳು ಮುಂತಾಗಿ ಉಳಿಯುವುದನ್ನು ಚಿತ್ರದಲ್ಲಿರುವವರನ್ನು ಕೇಳದೆ ಮುಟ್ಟಬಾರದು. ಆಕಾರಗಳನ್ನು ಹಿಗ್ಗಿಸಿ ಕುಗ್ಗಿಸುವ ಲಿಕ್ವಿಫೈ ಉಪಕರಣ ಬಳಸಿ ದವಡೆಯನ್ನೋ ಸೊಂಟವನ್ನೋ ಕುಗ್ಗಿಸುವುದು ನನ್ನ ಪ್ರಕಾರ ಈ ಗೆರೆಯ ಆಚೆಗಿನದು. ಜಾಹೀರಾತುಗಳ ಮಟ್ಟಿಗೆ ಕೆಲವು ದೇಶಗಳು ಇದನ್ನು ಕಾನೂನಿನ ವಿಷಯವಾಗಿಯೇ ಪರಿಗಣಿಸಿವೆ. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್‌ನಿಂದ, ರೂಪದರ್ಶಿಯ ದೇಹವನ್ನು ತೆಳ್ಳಗೆ ಅಥವಾ ದಪ್ಪಗೆ ಕಾಣುವಂತೆ ತಿದ್ದಿದ ವಾಣಿಜ್ಯ ಚಿತ್ರದ ಮೇಲೆ ಅದು ತಿದ್ದಿದ ಚಿತ್ರವೆಂದು ನಮೂದಿಸಬೇಕು. ನಾರ್ವೆಯಲ್ಲಿ 2022ರ ಜುಲೈನಿಂದ ದೇಹದ ಆಕಾರ, ಗಾತ್ರ ಮತ್ತು ಚರ್ಮವನ್ನು ತಿದ್ದಿದ ಜಾಹೀರಾತುಗಳಿಗೂ ಇಂಥದೇ ನಿಯಮವಿದೆ. ಇನ್ನೊಂದು ತುದಿಯಲ್ಲಿ ನನಗೆ ಸದಾ ನೆನಪಾಗುವವರು 1815ರಲ್ಲಿ ಕಲ್ಕತ್ತಾದಲ್ಲಿ ಹುಟ್ಟಿ, 48ನೇ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಅವರ ಚಿತ್ರಗಳಲ್ಲಿ ಗಾಜಿನ ಮೇಲಿನ ಗೀರು, ಬೆರಳಿನ ಗುರುತು, ದ್ರಾವಣ ಹರಿದ ಕಲೆ ಹಾಗೆಯೇ ಉಳಿದಿವೆ. ಅಂದಿನ ವಿಮರ್ಶಕರು ಅದನ್ನು ಅಜಾಗರೂಕತೆ ಎಂದು ಟೀಕಿಸಿದರು. ಇಂದು ಆ ಮುಖಗಳ ಮುಂದೆ ನಿಂತವರು ನೋಡುವುದು ಕತ್ತಲೆಯಿಂದ ಹೊರಬರುತ್ತಿರುವ ಒಂದು ಹಣೆಯನ್ನು, ಒಂದು ಕಣ್ಣನ್ನು. ಗೀರುಗಳ ಲೆಕ್ಕ ಹಿಡಿಯುವವರು ಕಡಿಮೆ.

ಗೆರೆ ಎಲ್ಲಿದೆ ಎಂಬುದನ್ನು ಎದುರಿಗೆ ಕುಳಿತವರ ಜೊತೆಯಲ್ಲಿಯೇ ನಿರ್ಧರಿಸುವುದು ನನಗೆ ಹೆಚ್ಚು ಸರಿಯೆನಿಸಿದೆ. ಚಿತ್ರ ತೆಗೆಯುವ ಮೊದಲೇ, ‘ನಿಮ್ಮ ಮುಖದಲ್ಲಿ ಯಾವುದನ್ನು ಮುಟ್ಟಬಾರದು ಹೇಳಿ’ ಎಂದು ಕೇಳುತ್ತೇನೆ. ಏನನ್ನು ತೆಗೆಯಬೇಕು ಎಂದು ಕೇಳಿದರೆ ಜನರು ತಮ್ಮ ದೋಷಗಳನ್ನು ಹುಡುಕತೊಡಗುತ್ತಾರೆ, ಮುಖ ಬಿಗಿಯಾಗುತ್ತದೆ, ಆಮೇಲೆ ಯಾವ ಬೆಳಕೂ ಅದನ್ನು ಸಡಿಲಿಸಲಾರದು. ಮುಟ್ಟಬಾರದ್ದನ್ನು ಕೇಳಿದಾಗ ಹುಬ್ಬಿನ ಮೇಲಿನ ಗಾಯದ ಗುರುತನ್ನು ಬೆರಳಿಂದ ತೋರಿಸಿ ಅದರ ಕಥೆ ಹೇಳುತ್ತಾರೆ, ಆ ಮಾತಿನ ನಡುವೆಯೇ ಚಿತ್ರ ಸಿಗುತ್ತದೆ.

ಈಗ ಕೈಗೆತ್ತಿಕೊಂಡಿರುವ ಯೋಜನೆಯಲ್ಲಿ ವಯಸ್ಸಾದವರ ಭಾವಚಿತ್ರಗಳನ್ನು ಒಂದೇ ದೀಪದಲ್ಲಿ ತೆಗೆದು ಪ್ರಿಂಟ್ ಮಾಡಬೇಕಿದೆ. ಡಾಡ್ಜ್ ಮತ್ತು ಬರ್ನ್ ಬಿಟ್ಟು ಬೇರೆ ಉಪಕರಣ ಬಳಸುವಂತಿಲ್ಲ ಎಂಬ ನಿಯಮವನ್ನು ನಾನೇ ಹಾಕಿಕೊಂಡಿದ್ದೇನೆ. ಪ್ರತಿ ಚಿತ್ರದ ಜೊತೆಗೆ ದೀಪದ ಎತ್ತರ, ದೂರ ಮತ್ತು ಕೋನವನ್ನು ಬರೆದಿಡುತ್ತಿದ್ದೇನೆ. ಮಾನಿಟರಿನ ಪ್ರಖರತೆಯನ್ನು ಚದರ ಮೀಟರಿಗೆ ಸುಮಾರು 100 ಕ್ಯಾಂಡೆಲಾಕ್ಕೆ ಇಳಿಸಿ ಕ್ಯಾಲಿಬ್ರೇಟ್ ಮಾಡಿಕೊಂಡಿದ್ದೇನೆ, ಏಕೆಂದರೆ ಅದಕ್ಕಿಂತ ಹೆಚ್ಚು ಬೆಳಗುವ ಪರದೆಯಲ್ಲಿ ಸರಿಯೆನಿಸಿದ ನೆರಳು ಕಾಗದದ ಮೇಲೆ ಮುಚ್ಚಿಹೋಗುತ್ತದೆ. ಹಣೆಯ ಗೆರೆಗಳ ಆಳವನ್ನು ತೋರಿಸಲು ಪಕ್ಕದ ಬೆಳಕು ಬೇಕು, ಆದರೆ ಅದೇ ಪಕ್ಕದ ಬೆಳಕು ಕಣ್ಣಿನ ಒಂದು ಬದಿಯನ್ನು ಕತ್ತಲೆಗೆ ತಳ್ಳುತ್ತದೆ. ಇವೆರಡರ ನಡುವೆ ದೀಪ ಎಲ್ಲಿ ನಿಲ್ಲಬೇಕು ಎಂಬುದನ್ನು ಒಂದೊಂದು ಮುಖದಲ್ಲೂ ಹೊಸದಾಗಿ ಹುಡುಕುತ್ತಿದ್ದೇನೆ. ಇದರಲ್ಲಿ ನಿಮಗಾದ ಅನುಭವಗಳಿದ್ದರೆ ಈಗ ಕೇಳಲು ಸಿದ್ಧನಿದ್ದೇನೆ.